ಅಟ್ಟೆಯ ಅಳತೆ

"ಹಂಗಲ್ಲವಾ, ಮಗಚಿ ನೋಡು. ಬುಡಕ್ಕ ನೋಡು!" ಎಂದು ಹುಲಗಪ್ಪ ಚಪ್ಪಲಿಯನ್ನು ಸೊಸೆಯ ಕೈಗೆ ತುರುಕಿ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಅರವತ್ತೆಂಟು ವರ್ಷದ, ಕೂತು ಕೂತು ಬೆನ್ನು ಬಾಗಿದ ಮುದುಕ. ಮುಖದ ಹಿಗ್ಗು ಮಾತ್ರ ಹಬ್ಬದ ದಿನ ಹೊಸ ಅಂಗಿ ತೊಟ್ಟವನದು.

ಕರುಣಾ ಆಗಷ್ಟೇ ರಾಯಾಪುರದ ಸ್ಟಾಪಿನಲ್ಲಿ ಬಸ್ಸಿಳಿದು ಬಂದಿದ್ದಳು. ಸತ್ತೂರಿನ ಆಸ್ಪತ್ರೆಯಲ್ಲಿ ತಂಗಿಗೆ ಹೆರಿಗೆಯಾಗಿ, ಅವಳ ಆರೈಕೆಗೆಂದು ಹೋಗಿ ಆರು ದಿನವಾಗಿತ್ತು. ಕೈಚೀಲವನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಚಪ್ಪಲಿಯನ್ನು ಮಗುಚಿದಳು. ಅಟ್ಟೆಯ ಅಡಿಯಲ್ಲಿ ಹಿಮ್ಮಡಿಗೊಂದು, ಮುಂಗಾಲಿಗೊಂದು ಕಪ್ಪು ರಬ್ಬರಿನ ತುಂಡು ಕೂತಿತ್ತು. ಲಾರಿ ಟೈರಿನ ರಬ್ಬರು. ಅಂಚು ಎಷ್ಟು ನಯವಾಗಿ ಕೊಯ್ದಿತ್ತೆಂದರೆ, ಬೆರಳಾಡಿಸಿದರೆ ತೊಗಲು ಎಲ್ಲಿ ಮುಗಿಯಿತು, ರಬ್ಬರು ಎಲ್ಲಿ ಸುರುವಾಯಿತು ಎಂದು ತಿಳಿಯುವಂತಿರಲಿಲ್ಲ.

"ಎಷ್ಟ ಜೋಡಿಗೆ ಹಚ್ಚೀರಿ ಮಾವಾ?"

"ಎಷ್ಟ ಅಂತ ಕೇಳ್ತೀಯಲ್ಲ! ಎಲ್ಲಾಕೂ. ಇನ್ನೂರಕ್ಕ ಇನ್ನೂರು. ಆ ದೇಶದಾಗ ಮಳಿ ಬಾಳ ಅಂತ, ಬರ್ಫ ಬೀಳತೈತಂತ. ಬರೇ ತೊಗಲ ಮೆಟ್ಟಿ ಅಡ್ಡಾಡಿದ್ರ ಮಂದಿ ಜಾರಿ ಬೀಳೂದಿಲ್ಲೇನು? ಯಾರೋ ಒಬ್ಬ ಹೆಣ್ಣಮಗಳು ಸೊಂಟ ಮುರಕೊಂಡ್ಲು ಅಂದ್ರ ಶಾಪ ಯಾರಿಗೆ? ನೀ ಇಲ್ಲದಾಗ ಕುಂತು ಮಾಡಿ ಮುಗಿಸೇನಿ. ಒಂದ ಪೈಸಾ ಹೆಚ್ಚಿಗಿ ಕೇಳಬ್ಯಾಡ, ನನ್ನ ಲೆಕ್ಕದಾಗ ಇರಲಿ ಅಂತ ಹೇಳವಾ ಅವರಿಗೆ."

ಕರುಣಾ ಚಪ್ಪಲಿಯನ್ನು ಮತ್ತೆ ಮೇಲ್ಮುಖ ಮಾಡಿದಳು. ಒಳಹಾಸಿನ ಮೇಲೆ, ಅವಳೇ ಊರಿಗೆ ಹೋಗುವ ಮೊದಲು ಕೂತು ಅಂಟಿಸಿದ್ದ ಚೀಟಿ ಇತ್ತು. ಬೆಂಕಿಪೊಟ್ಟಣದಷ್ಟು ಅಗಲದ ಬಿಳಿ ಚೀಟಿ. ಅದರಲ್ಲಿ ಅಕ್ಷರಕ್ಕಿಂತ ಚಿತ್ರವೇ ಹೆಚ್ಚು. ಮೇಲಿನ ಪಟ್ಟಿ, ಕಾಲಿಡುವ ಒಳಹಾಸು, ನೆಲಕ್ಕೆ ತಾಗುವ ಅಟ್ಟೆ, ಹೀಗೆ ಪಾದರಕ್ಷೆಯ ಮೂರು ಭಾಗಗಳು ಒಂದರ ಕೆಳಗೊಂದು. ಪ್ರತಿಯೊಂದರ ಎದುರಿಗೆ ಅದನ್ನು ಯಾವುದರಿಂದ ಮಾಡಿದ್ದೆಂಬ ಗುರುತು. ಹಾಸಿದ ತೊಗಲಿನ ಆಕಾರವಿದ್ದರೆ ಚರ್ಮ, ಬಲೆಯ ಚಿತ್ರವಿದ್ದರೆ ಬಟ್ಟೆ, ಬರೀ ಓರೆ ಚೌಕವಿದ್ದರೆ ಮತ್ತೇನೋ. ಈ ಗುರುತಿಲ್ಲದ ಪಾದರಕ್ಷೆಯನ್ನು ಯುರೋಪಿನ ಅಂಗಡಿಗಳಲ್ಲಿ ಮಾರುವಂತಿಲ್ಲ ಎಂದು ಮೂರು ವರ್ಷದಿಂದ ಕಾಯಿದೆಯಾಗಿದೆ. ಅವರ ಚೀಟಿಯಲ್ಲಿ ಮೂರಕ್ಕೆ ಮೂರೂ ತೊಗಲಿನ ಗುರುತು. ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಹುಬ್ಬಳ್ಳಿ ಎಂಬ ಹೆಸರು. ಇಷ್ಟು ದಿನ ಅವರ ಕೈಯ ಚಪ್ಪಲಿಗಳನ್ನು ಪೇಟೆಯವರು ಬೇರೆ ಊರಿನ ಹೆಸರು ಹೇಳಿ ಮಾರುತ್ತಿದ್ದರು. ಊರಿನ ಹೆಸರು ಬರಲೇಬೇಕೆಂದು ಹಟ ಹಿಡಿದವಳು ಕರುಣಾ.

"ಸುಳ್ಳಾತು" ಅಂದಳು, ತನಗೇ ಹೇಳಿಕೊಂಡಂತೆ.

"ಏನ ಸುಳ್ಳಾತು?"

"ಚೀಟಿ ಸುಳ್ಳಾತು ಮಾವಾ. ಅಟ್ಟಿನೂ ತೊಗಲಂದು ಅಂತ ಚೀಟಿ ಹೇಳತೈತಿ. ಬುಡಕ್ಕ ನೋಡಿದ್ರ ರಬ್ಬರ ಐತಿ. ಬ್ಯಾರೆ ಚೀಟಿ ಮುಂಬೈಯಿಂದ ಅಚ್ಚಾಗಿ ಬರಬೇಕು, ಹೊತ್ತೆಲ್ಲಿ ಐತಿ?"

ಹುಲಗಪ್ಪ ನಕ್ಕ. "ತೊಗಲಂದ ಐತೆಲ್ಲ! ಮೂರ ಪದರ ತೊಗಲ ಐತಿ. ರಬ್ಬರಂದ್ರ ಅದಕ್ಕ ಕಾಲಿಗೆ ಕಾಲ್ಗೆಜ್ಜಿ ಇದ್ದಂಗ."

ಕರುಣಾ ನಗಲಿಲ್ಲ. ಗೋಡೆಯ ಗಡಿಯಾರ ಎಂಟೂಕಾಲು ತೋರಿಸುತ್ತಿತ್ತು. ಹನ್ನೊಂದಕ್ಕೆ ಮಾಲು ನೋಡಲು, ಅದನ್ನು ಯುರೋಪಿಗೆ ಕಳಿಸುವ ಮುಂಬೈ ಕಂಪನಿಯ ಚೆಕ್ಕರ್ ಬರುವವನಿದ್ದ. ಅವನು ಒಪ್ಪಿ ಸಹಿ ಮಾಡಿದರೆ ಮಧ್ಯಾಹ್ನ ಟೆಂಪೋ ಬಂದು ಮಾಲು ಏರಿಸಿಕೊಂಡು ಹೋಗುತ್ತದೆ. ಒಪ್ಪದಿದ್ದರೆ ಮುಂದಿನ ಎರಡು ಸಾವಿರ ಜೋಡಿಯ ಆರ್ಡರು ಬೇರೆ ಊರಿಗೆ ಹೋಗುತ್ತದೆ. ಓಣಿಯ ನಾಲ್ಕು ಮನೆಯವರು ಒಂದೂವರೆ ತಿಂಗಳು ಹಗಲೆಲ್ಲ ಕೂತು ಮಾಡಿದ ಕೆಲಸ ಪಡಸಾಲೆಯ ತುಂಬ ಸಾಲು ಹಿಡಿದು ಕೂತಿತ್ತು.

ಹಿತ್ತಲಿನಿಂದ ಅವಳ ಗಂಡ ಹುಲಗೇಶ ಟವೆಲ್ಲಿನಿಂದ ತಲೆ ಒರೆಸಿಕೊಳ್ಳುತ್ತ ಬಂದ. ಹೆಂಡತಿಯ ಮುಖ ನೋಡಿ ಅಲ್ಲೇ ನಿಂತ.

"ನೀವಾರ ಹೇಳಬಾರದಿತ್ತೇನ್ರಿ? ಕಣ್ಣಿಗೆ ಕಾಣ್ತಿತ್ತಿಲ್ಲೋ?"

"ಅಪ್ಪಾ ಹುರುಪಿನಿಂದ ಮಾಡಾಕತ್ತಿದ್ದ..."

"ಹುರುಪಿನಿಂದ ಟೈರ ಕೊಯ್ಯೂಮುಂದ ಹಿಡಕೊಂಡ ಕುಂತವರು ಯಾರು?"

"ನಾನ" ಎಂದು ಹುಲಗೇಶ ಒಪ್ಪಿಕೊಂಡ. "ಆದ್ರ ಚೀಟಿ ವಿಚಾರ ತಲ್ಯಾಗ ಬರಲಿಲ್ಲ ನೋಡು. ಈಗ ಕಿತ್ತರಾತು. ಸೊಲ್ಯೂಷನ್ ಹಚ್ಚಿ ಅಂಟಿಸೈತಿ, ಮೊಳಿ ಇಲ್ಲ."

ಅವನು ಒಂದು ಚಪ್ಪಲಿ ತೆಗೆದು, ಅಂಚಿಗೆ ಇಕ್ಕಳ ಕಚ್ಚಿಸಿ ಎಳೆದ. ರಬ್ಬರು ಬಂತು. ಅದರ ಬೆನ್ನಿಗೆ ತೊಗಲಿನ ಮೇಲ್ಪದರವೂ ಕಿತ್ತು ಬಂತು. ನುಣುಪಾಗಿದ್ದ ಅಟ್ಟೆ ಕಿತ್ತ ಗಾಯದಂತೆ ಎಳೆ ಎಳೆಯಾಯಿತು.

ಅಡುಗೆಮನೆಯ ಬಾಗಿಲಲ್ಲಿ ಶೇವಂತೆವ್ವ ಬಂದು ನಿಂತಿದ್ದಳು. ಚಪ್ಪಲಿಯ ಪಟ್ಟಿ ಹೆಣೆಯುವುದು, ಹೆಬ್ಬೆರಳು ತೂರಿಸುವ ಉಂಗುಟ ಹೊಲಿಯುವುದು ಅವಳ ಕೆಲಸ. ನಲವತ್ತೈದು ವರ್ಷ ಗಂಡನ ಎದುರಿಗೆ ಕೂತು ಮಾಡಿದವಳು. ಗಂಡನನ್ನು ನೋಡಿ, "ಪರದೇಶದ ಮಂದಿ ಬೀಳಬಾರದಂತ ನೀವು ರಬ್ಬರ ಹಚ್ಚಿದ್ರಿ. ಈಗ ನಮ್ಮ ಮನಿ ಬಿದ್ದರ ಏನ ಹಚ್ಚೋಣು?" ಅಂದಳು.

ಹುಲಗಪ್ಪನ ಮುಖದ ಹಿಗ್ಗು ಆಗ ಇಳಿಯಿತು. ಕಿತ್ತ ಚಪ್ಪಲಿಯನ್ನು ಮಗನ ಕೈಯಿಂದ ಇಸಿದುಕೊಂಡು, ಎದ್ದ ಎಳೆಗಳನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂರಿಸುತ್ತ, ಗೋಡೆಗೆ ಒರಗಿ ಕುಳಿತುಬಿಟ್ಟ. ಅದನ್ನು ನೋಡಲಾರದೆ ಕರುಣಾ ಒಳಗೆ ಹೋದಳು.

ಒಳಗೆ ಹೋದವಳು ಟ್ರಂಕಿನಿಂದ ಒಂದು ನೋಟುಬುಕ್ಕು ತೆಗೆದಳು. ಎಸ್ಸೆಸ್ಸೆಲ್ಸಿಗೆ ಓದು ನಿಂತರೂ ಬರೆದಿಡುವ ಚಾಳಿ ಬಿಟ್ಟಿರಲಿಲ್ಲ. ಕೇಶ್ವಾಪುರದ ಏಜೆಂಟ ಬಿಂದುಮಾಧವ, ಮುಂಬೈಯಿಂದ ಬಂದ ಫ್ಯಾಕ್ಸನ್ನು ಎದುರಿಗೆ ಕೂತು ಕನ್ನಡದಲ್ಲಿ ಹೇಳಿದ್ದ. ಅವನು ಹೇಳಿದಂತೆಲ್ಲ ಅವಳು ಬರೆದುಕೊಂಡಿದ್ದಳು. ನಿಂತಲ್ಲೇ ಹಾಳೆ ತಿರುವಿದಳು. ನೂರಕ್ಕೆ ಎಂಬತ್ತು ಪಾಲು ಯಾವುದಿದೆಯೋ ಅದರ ಗುರುತು ಹಾಕಬೇಕು. ಮೇಲಿನ ಪಟ್ಟಿಗೆ ಮತ್ತು ಒಳಹಾಸಿಗೆ ಮೈ ಅಳತೆ, ಎಂದರೆ ಹೊರಗೆ ಕಾಣುವ ಹರವು. ಅಟ್ಟೆಗೆ...

ಆ ಸಾಲನ್ನು ಅವಳು ಎರಡು ಸಲ ಓದಿದಳು. ಮೂರನೆಯ ಸಲ ಓದಿ ಹಾಳೆಯ ತುದಿ ಮಡಚಿ ಗುರುತಿಟ್ಟಳು. ಏಜೆಂಟ ಬಂದು ಫ್ಯಾಕ್ಸು ನೋಡಿ ಹೌದೆನ್ನುವವರೆಗೆ ಮನೆಯವರಿಗೆ ಆಸೆ ಹಚ್ಚುವಂತಿರಲಿಲ್ಲ.

ಸ್ಕೂಟರು ಹತ್ತೂವರೆಗೇ ಬಂತು. ಮುಂದೆ ಬಿಂದುಮಾಧವ, ತೆಳ್ಳನೆಯ, ಯಾವಾಗಲೂ ಅವಸರದ ಮನುಷ್ಯ. ಹಿಂದೆ ಚೆಕ್ಕರ್ ಶಾಬುದ್ದೀನ. ಮೂಲತಃ ಇದೇ ಹುಬ್ಬಳ್ಳಿಯವನು, ಮೂವತ್ತು ವರ್ಷ ತೊಗಲಿನ ಧಂದೆಯಲ್ಲಿ ಮಾಗಿದವನು, ಈಗ ಮುಂಬೈಯವರ ಪಗಾರದಲ್ಲಿದ್ದ. ಒಳಗೆ ಬಂದವನು ನೀರನ್ನೂ ಕುಡಿಯಲಿಲ್ಲ. ಮೊದಲ ಸಾಲಿನಿಂದ ಒಂದು ಚಪ್ಪಲಿ ಎತ್ತಿದ, ಮೂಸಿದ, ಬಗ್ಗಿಸಿದ, ಮಗುಚಿದ.

"ಇದೇನ್ ಚಾಚಾ?"

"ನಂದ ತಪ್ಪರಿ ಸಾಹೇಬ್ರ" ಎಂದು ಹುಲಗಪ್ಪ ಎದ್ದು ನಿಂತ. "ಮಂದಿ ಜಾರಬಾರದಂತ ನಾನ ಹಚ್ಚೇನಿ. ಹುಡುಗರದೇನೂ ಇಲ್ಲ."

ಬಿಂದುಮಾಧವ ಹಣೆಗೆ ಕೈ ಹಚ್ಚಿಕೊಂಡ. "ಹುಲಗಪ್ಪಾ, ಏನ್ ಮಾಡಿಟ್ಟಿಯೋ ಮಾರಾಯಾ! ನಾ ಅಲ್ಲಿ ಫೋನಿನಾಗ ಸ್ಯಾಂಪಲ್ಲಿನಂಗ ಬರ್ತದ ಅಂತ ಹತ್ತ ಸಲ ಹೇಳೇನಿ. ಬಂದರದಾಗ ಹಿಡದ ನಿಲ್ಲಿಸಿದ್ರ ನನ್ನ ಮಾರಿ ಎಲ್ಲಿ ಇಟ್ಕೊಳ್ಳಲಿ?"

"ರಬ್ಬರಿಗೆ ಅಲ್ಲಿ ಅಂಗಡ್ಯವರು ಬ್ಯಾಡ ಅನ್ನೂದಿಲ್ಲ" ಎಂದ ಶಾಬುದ್ದೀನ, ಇನ್ನೂ ಚಪ್ಪಲಿಯನ್ನೇ ನೋಡುತ್ತ. "ಹೋದ ವರ್ಷದ ಮಾಲು ಜಾರತೈತಿ ಅಂತ ದೂರ ಬಂದಿತ್ತು. ಚಾಚಾನ ಕೈ ಛಲೋ ಐತಿ, ಅದಕ್ಕ ಎರಡ ಮಾತಿಲ್ಲ. ಆದ್ರ ಲೇಬಲ್ ಸುಳ್ಳಿದ್ರ ನಾ ಸಹಿ ಮಾಡಂಗಿಲ್ಲ. ಬುಡದ ಅರ್ಧಕ್ಕಿಂತ ಹೆಚ್ಚು ರಬ್ಬರ ಕಾಣಾಕತ್ತೈತಿ. ನೂರಕ್ಕ ಎಂಬತ್ತು ತೊಗಲ ಎಲ್ಲಿಂದ ಆಗಬೇಕು?"

"ಕಾಣೂದಕ್ಕ ಅಲ್ಲರಿ ಲೆಕ್ಕ" ಎಂದಳು ಕರುಣಾ.

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ನೋಟುಬುಕ್ಕನ್ನು ಬಿಂದುಮಾಧವನ ಮುಂದೆ ಹಿಡಿದಳು.

"ಮಾಧವ ಅವರ, ನೀವ ಹೇಳಿ ಬರಿಸಿದ್ದು. ಪಟ್ಟಿಗೆ, ಒಳಹಾಸಿಗೆ ಮೈ ಅಳತಿ. ಅಟ್ಟಿಗೆ ಘನ ಅಳತಿ. ಘನ ಅಳತಿ ಅಂದ್ರೇನ್ರಿ ಅಂತ ನಾ ಅವತ್ತು ಕೇಳಿದ್ದೆ. ದಪ್ಪ, ಉದ್ದ, ಅಗಲ ಎಲ್ಲಾ ಹಿಡದು ಎಷ್ಟ ಜಾಗಾ ತುಂಬತದ ಅನ್ನೂದು ಅಂತ ನೀವ ಅಂದಿದ್ರಿ. ಬುಡಕ್ಕ ಎಷ್ಟ ಕಾಣತೈತಿ ಅಂತ ನೋಡೂದಲ್ಲ. ಇಡೀ ಅಟ್ಟ್ಯಾಗ ತೊಗಲೆಷ್ಟು, ರಬ್ಬರೆಷ್ಟು ಅಂತ ನೋಡಬೇಕು."

ಬಿಂದುಮಾಧವ ಕನ್ನಡಕ ಏರಿಸಿ ಓದಿದ. ಬಗಲಚೀಲದಿಂದ ಫ್ಯಾಕ್ಸಿನ ಹಾಳೆ ತೆಗೆದು ಅದರೊಳಗೂ ಹುಡುಕಿದ. ಅವನ ಬೆರಳು ಒಂದು ಸಾಲಿನ ಮೇಲೆ ನಿಂತಿತು. "ಖರೇ ಅದ" ಅಂದ ಮೆಲ್ಲಗೆ. ಆಮೇಲೆ ಜೋರಾಗಿ, "ಖರೇ ಅದ, ಶಾಬುದ್ದೀನ ಅವರ! ನೋಡ್ರಿ ಇಲ್ಲೆ!"

ಶಾಬುದ್ದೀನ ಹಾಳೆ ನೋಡಿದ, ಚಪ್ಪಲಿ ನೋಡಿದ, ಕರುಣಾಳನ್ನು ನೋಡಿದ. "ಆತವಾ, ಒಪ್ಪಿದೆ. ಆದ್ರ ಅಳಿಯೂದು ಹೆಂಗ? ರಬ್ಬರ ಎರಡ ತುಂಡ, ಆಕಾರ ಅಡ್ಡಾದಿಡ್ಡಿ. ಅಟ್ಟಿ ನಡು ಸಣ್ಣ, ಮುಂದ ಅಗಲ. ಪಟ್ಟಿ ಹಿಡದ ಅಳದ್ರ ನನಗ ನಂಬಿಕಿ ಬರೂದಿಲ್ಲ."

"ನೀರಾಗ ಮುಳುಗಿಸೋಣ. ಎಷ್ಟ ನೀರ ಚೆಲ್ಲತೈತಿ ನೋಡಿದ್ರಾತು" ಎಂದ ಹುಲಗೇಶ ಉತ್ಸಾಹದಿಂದ.

"ಅರೆ ಭಾಯಿ, ತೊಗಲ ನೀರ ಕುಡದು ಉಬ್ಬತೈತಿ. ರಬ್ಬರ ಕುಡಿಯೂದಿಲ್ಲ. ನಿಮ್ಮ ಕಡಿಗೆ ಲೆಕ್ಕ ಜಗ್ಗಿದಂಗ ಆತು" ಎಂದು ಶಾಬುದ್ದೀನ ತಲೆಯಾಡಿಸಿದ.

ಬಿಂದುಮಾಧವ ಕೈಗಡಿಯಾರ ನೋಡಿಕೊಂಡ. ಆಗ ಶೇವಂತೆವ್ವ, ಯಾರಿಗೂ ಅಲ್ಲ, ಬಾಗಿಲಿನ ಚೌಕಟ್ಟಿಗೆ ಹೇಳುವಂತೆ ಹೇಳಿದಳು: "ಮಾವಿನಕಾಯಿ ಹಣ್ಣಾಗಲೆಂತ ನವಣಿ ಡಬ್ಬ್ಯಾಗ ಹುಗೀತೇವಲ್ಲ. ಹುಗದಷ್ಟು ನವಣಿ ಮ್ಯಾಲೆ ಬಂದು ಚೆಲ್ಲತೈತಿ. ನವಣಿಯೇನು ಕುಡಿಸೂದಿಲ್ಲ, ಉಬ್ಬಿಸೂದಿಲ್ಲ."

ಮೊದಲು ನಕ್ಕವನು ಶಾಬುದ್ದೀನ. "ತರ್ರಿ ಅಮ್ಮಾ, ತರ್ರಿ! ಲಗೂ ತರ್ರಿ!"

ಆಮೇಲೆ ಆ ಮನೆ ಮದುವೆಮನೆಯಂತಾಯಿತು. ಹುಲಗೇಶ ಮೊಳೆ ಇಡುವ ತಗಡಿನ ಪೆಟ್ಟಿಗೆಯನ್ನು ಖಾಲಿ ಮಾಡಿ ಒರೆಸಿ ತಂದ. ಒಂದು ಅಟ್ಟೆ ಉದ್ದಕ್ಕೆ ಮಲಗುವಷ್ಟು ಅದರಲ್ಲಿ ಜಾಗವಿತ್ತು. ಶೇವಂತೆವ್ವ ನವಣೆಯ ಡಬ್ಬಿಯನ್ನೇ ಎತ್ತಿ ತಂದಳು. ಕರುಣಾ ಕೆಮ್ಮಿನ ಔಷಧದ ಬಾಟಲಿಯ ಮುಚ್ಚಳ ತಂದಳು, ಅಳೆಯುವುದಕ್ಕೆ. ಪಕ್ಕದ ಮನೆಯ ನೀಲಪ್ಪ, ಅವನೂ ಈ ಮಾಲಿಗೆ ಕೈ ಹಚ್ಚಿದವನು, ಗದ್ದಲ ಕೇಳಿ ಬಂದು ಬಾಗಿಲಿಗೆ ಆತುಕೊಂಡ. "ಏನ್ ನಡದೈತಿ? ನವಣಿ ಅನ್ನಾ ಉಣ್ಣಸ್ತೀರೇನು ಸಾಹೇಬರಿಗೆ?"

"ಸುಮ್ನ ನಿಂದರೋ. ನಿನ್ನ ಆರ ವಾರದ ದುಡಿತ ಆ ಪೆಟ್ಟಿಗ್ಯಾಗ ಐತಿ" ಎಂದ ಹುಲಗಪ್ಪ.

ಶಾಬುದ್ದೀನ ತಾನೇ ಸಾಲುಗಳ ನಡುವೆ ಓಡಾಡಿ, ಮೂರನೆಯ ಸಾಲಿನ ಗಂಡಸರ ಜೋಡಿಯಿಂದ ಒಂದನ್ನು ಆರಿಸಿದ. "ಹೊಸ ತುಂಡ ಕೊಯ್ದ ತೋರಿಸೂದ ಬ್ಯಾಡ ಚಾಚಾ. ಇದರಾಗಿಂದನ ಬಿಡಿಸ್ರಿ."

ಹುಲಗಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ತೊಗಲು ಕೊಯ್ಯುವ ರಂಪಿಗೆ ಹಿಡಿದ. ಹೆಂಡತಿ ಅರ್ಧ ದಿನ ಕೂತು ಹೆಣೆದ ಪಟ್ಟಿಯನ್ನು ಬುಡಕ್ಕೇ ಕೊಯ್ದು, ಒಳಹಾಸನ್ನೂ ಬಿಡಿಸಿ ತೆಗೆದ. ಆಮೇಲೆ ರಂಪಿಗೆಯ ತುದಿಯನ್ನು ರಬ್ಬರಿಗೂ ತೊಗಲಿಗೂ ನಡುವೆ ತೂರಿಸಿ, ಎಳೆಯದೆ, ಉಸಿರು ಬಿಗಿಹಿಡಿದು ಕೂದಲೆಳೆಯಷ್ಟೇ ಸರಿಸುತ್ತ ಹೋದ. ರಬ್ಬರು ತೊಗಲನ್ನು ಕಿತ್ತುಕೊಳ್ಳದೆ ಬಿಟ್ಟಿತು. ಹುಲಗೇಶ ಬೆಳಿಗ್ಗೆ ಕಿತ್ತದ್ದನ್ನು ನೆನೆದು ತಲೆ ತಗ್ಗಿಸಿದ. "ಇನ್ನೂರ ಜೋಡಿಗೆ ಹಿಂಗ ಬಿಡಿಸಬೇಕಂದ್ರ ದೀವಳಿಗಿ ಬರತೈತಿ" ಎಂದ ಮುದುಕ, ಹಣೆ ಒರೆಸಿಕೊಂಡು.

ಪೆಟ್ಟಿಗೆಯ ತುಂಬ ನವಣೆ ಸುರಿದು, ತಟ್ಟಿ, ಮೇಲೆ ಅಡ್ಡಪಟ್ಟಿ ಎಳೆದು ಸಮ ಮಾಡಿದರು. ಅದನ್ನು ಮೊರಕ್ಕೆ ಸುರಿದು, ಬರಿದಾದ ಪೆಟ್ಟಿಗೆಯಲ್ಲಿ ರಬ್ಬರಿನ ಎರಡು ತುಂಡನ್ನಿಟ್ಟು, ನವಣೆಯನ್ನು ಮತ್ತೆ ತುಂಬಿ ತಟ್ಟಿ ಪಟ್ಟಿ ಎಳೆದರು. ಮೊರದಲ್ಲಿ ಉಳಿದದ್ದೇ ರಬ್ಬರಿನ ಅಳತೆ. ಕರುಣಾ ಮುಚ್ಚಳದಿಂದ ತುಂಬಿ ತುಂಬಿ ಪಾತ್ರೆಗೆ ಹಾಕಿದಳು.

"ಐದು" ಎಂದಳು. "ಐದಕ್ಕ ಸರಿ."

"ಹಂಗಾದ್ರ ತೊಗಲ ಅದರ ನಾಲ್ಕಪಟ್ಟು ಬರಬೇಕು. ಇಪ್ಪತ್ತ ಮುಚ್ಚಳ. ಇಪ್ಪತ್ತ ಮುಟ್ಟಲಿಲ್ಲ ಅಂದ್ರ ಮಾತಿಲ್ಲ" ಎಂದ ಶಾಬುದ್ದೀನ.

ಈಗ ತೊಗಲಿನ ಸರದಿ. ಅದೇ ಪೆಟ್ಟಿಗೆ, ಅದೇ ನವಣೆ. ಶಾಬುದ್ದೀನ ತಾನೇ ಬಗ್ಗಿ ಪೆಟ್ಟಿಗೆಯ ಬದಿ ತಟ್ಟಿದ, ಕಾಳು ಸಂದುಗೊಂದಿಗೆ ಇಳಿಯಲೆಂದು. ಇನ್ನಷ್ಟು ತಟ್ಟಿದ. "ಬಾಳ ತಟ್ಟಬ್ಯಾಡ್ರಿ ಸಾಹೇಬ್ರ, ನವಣಿ ಹಿಟ್ಟಾದೀತು" ಎಂದ ನೀಲಪ್ಪ. ಯಾರಿಗೂ ನಗು ಬರಲಿಲ್ಲ. ಕರುಣಾ ಮೊರದ ಮುಂದೆ ಕುಳಿತಳು.

ಹತ್ತರವರೆಗೆ ಅವಳೊಬ್ಬಳೇ ಎಣಿಸಿದಳು. ಹತ್ತು ದಾಟಿದ ಮೇಲೆ ನೀಲಪ್ಪನೂ ಸೇರಿಕೊಂಡ. ಹದಿನೈದಕ್ಕೆ ಬಿಂದುಮಾಧವನ ತುಟಿಯೂ ಆಡತೊಡಗಿತು. ಮೊರದಲ್ಲಿ ಕಾಳು ಇನ್ನೂ ಇತ್ತು, ಆದರೆ ಹರಡಿಕೊಂಡಿದ್ದರಿಂದ ಎಷ್ಟಿದೆ ಎಂದು ಕಣ್ಣಿಗೆ ಅಂದಾಜಾಗುತ್ತಿರಲಿಲ್ಲ. ಹದಿನೆಂಟು. ಹತ್ತೊಂಬತ್ತು. ಕರುಣಾ ಮೊರವನ್ನು ಒಂದು ಕಡೆ ವಾರೆ ಮಾಡಿ ಕಾಳನ್ನು ಮೂಲೆಗೆ ಕೂಡಿಸಿದಳು. ಇಪ್ಪತ್ತು.

"ಇಪ್ಪತ್ತು!" ಎಂದು ಹುಲಗೇಶ ಕೂಗಿದ.

"ನಿಂದ್ರು, ಇನ್ನೂ ಐತಿ." ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ತಮೂರು. ಆಮೇಲೆ ಮೊರದ ತಳ ಕಂಡಿತು.

ನೀಲಪ್ಪ ಸಿಳ್ಳೆ ಹಾಕಿದ. ಬಿಂದುಮಾಧವ ಎರಡೂ ಕೈಯಿಂದ ಹುಲಗಪ್ಪನ ಕೈ ಹಿಡಿದು ಅಲ್ಲಾಡಿಸಿದ. "ಉಳಿಸಿದ್ಯಲ್ಲೋ ಮಾರಾಯಾ!" ಹುಲಗಪ್ಪ "ಚಾ ಮಾಡ, ಚಾ ಮಾಡ" ಎಂದು ಹೆಂಡತಿಗೆ ಹೇಳಿದ. ಶಾಬುದ್ದೀನ ಜೇಬಿನಿಂದ ಪೆನ್ನು ತೆಗೆದು, ಬಿಂದುಮಾಧವ ಚಾಚಿದ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡ. "ಲೇಬಲ್ ಖರೇ ಐತಿ. ಮಾಲು ಪಾಸು. ಸಹಿ ಎಲ್ಲಿ ಮಾಡ್ಲಿ?"

ಕರುಣಾ ಮೊರದ ಮುಂದೆ ಕುಳಿತೇ ಇದ್ದಳು. ಅವಳ ಕಣ್ಣು ಗೋಡೆಯ ಪಕ್ಕದ ಸಾಲಿನ ಮೇಲಿತ್ತು. ಅವು ಹೆಂಗಸರ ಜೋಡಿಗಳು, ನಲವತ್ತು. ಹೆಂಗಸರ ಚಪ್ಪಲಿ ಹಗುರವಿರಲಿ ಎಂದು ಅವಕ್ಕೆ ತೊಗಲು ಎರಡೇ ಪದರ, ಗಂಡಸರದಕ್ಕೆ ಮೂರು. ರಬ್ಬರಿನ ದಪ್ಪ ಮಾತ್ರ ಎಲ್ಲಕ್ಕೂ ಒಂದೇ. ಅವಳು ಮಾವನ ಕಡೆ ನೋಡಿದಳು. ಹುಲಗಪ್ಪನೂ ಆ ಸಾಲನ್ನೇ ನೋಡುತ್ತಿದ್ದ. ಇಬ್ಬರ ಕಣ್ಣೂ ಕೂಡಿದವು. ಮುದುಕ ಹೇಳು ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ.

ಶಾಬುದ್ದೀನನ ಪೆನ್ನು ಕಾಗದಕ್ಕೆ ತಾಗುವುದರಲ್ಲಿತ್ತು.

"ಸಾಹೇಬ್ರ, ತಡೀರಿ" ಎಂದಳು ಕರುಣಾ. "ಹೆಣ್ಣಮಕ್ಕಳ ಚಪ್ಲಿನೂ ಒಂದು ಅಳದ ನೋಡ್ರಿ. ಅವಕ್ಕ ತೊಗಲ ಒಂದ ಪದರ ಕಡಿಮಿ ಐತಿ."

ಬಿಂದುಮಾಧವ ಅವಳ ಕಡೆ ನೋಡಿದ ನೋಟ ಹೇಳುವಂತಿರಲಿಲ್ಲ. "ಏನ್ ಬೇಕಾಗಿತ್ತು ತಂಗಿ ನಿನಗ?" ಎಂದ ಹಲ್ಲು ಕಚ್ಚಿ. ನೀಲಪ್ಪ, "ಅವರ ಬಿಟ್ಟಿದ್ರು, ನೀ ಯಾಕ ಹಿಡದಿ?" ಎಂದು ಗೊಣಗಿದ.

"ಚೀಟಿ ಅಂಟಿಸಿದಾಕಿ ನಾನು" ಎಂದಳು ಕರುಣಾ. "ಅದರಾಗ ಊರ ಹೆಸರ ಹಾಕ್ರಿ ಅಂತ ಜಗಳಾಡಿದಾಕಿನೂ ನಾನು. ಅಲ್ಲಿ ಯಾರಾರ ಒಂದ ಬಿಚ್ಚಿ ನೋಡಿದ್ರ, ಹುಬ್ಬಳ್ಳ್ಯಾಗ ಹಿಂಗ ಮಾಡ್ತಾರ ಅಂತ ಅಂದಾರು. ಅಂದ ಮ್ಯಾಲೆ ನಾ ಹೋಗಿ ಅಲ್ಲಿ ಹೇಳೂದೇನು?"

ಶಾಬುದ್ದೀನ ಪೆನ್ನಿನ ಟೋಪಿ ಮುಚ್ಚಿದ. ಎದ್ದು ಗೋಡೆಯ ಪಕ್ಕದ ಸಾಲಿನಿಂದ ಒಂದು ಚಪ್ಪಲಿ ತಂದು ಹುಲಗಪ್ಪನ ತೊಡೆಯ ಮೇಲಿಟ್ಟ.

ರಬ್ಬರು ಐದೇ ಮುಚ್ಚಳ ಬಂತು. ತೊಗಲು ಹದಿನೇಳಕ್ಕೆ ನಿಂತಿತು. ಕರುಣಾ ಮೊರವನ್ನು ಎರಡು ಸಲ ತಟ್ಟಿದಳು, ಒಂದು ಕಾಳೂ ಉಳಿದಿರಲಿಲ್ಲ.

ಯಾರೂ ಅವಳನ್ನು ನೋಡಲಿಲ್ಲ. ಹೊರಗೆ ರಸ್ತೆಯಲ್ಲಿ ಧಾರವಾಡದ ಕಡೆ ಹೋಗುವ ಬಸ್ಸು ಹಾರ್ನು ಹೊಡೆಯುತ್ತ ಹೋಯಿತು.

"ಹದಿನೇಳು" ಎಂದ ಹುಲಗಪ್ಪ ತಟ್ಟನೆ. ಅವನ ದನಿ ಬೆಳಗಿನ ದನಿಯಂತಾಗಿತ್ತು. "ತೊಗಲ ಹದಿನೇಳು ಐತಿ ಅಂದ್ರ ರಬ್ಬರ ನಾಕ ಇರಬಹುದು. ನಾಕ ನಾಕ್ಲೆ ಹದಿನಾರು. ಒಂದ ಮುಚ್ಚಳ ತಗದ್ರಾತು! ಹಿಮ್ಮಡಿ ಮುಟ್ಟಬಾರದು, ತೂಕ ಬೀಳೂದು ಅಲ್ಲೆ. ಮುಂಗಾಲ ತುಂಡಿನ ಹಿಂದಿನ ಅಂಚು ನೆಲಕ್ಕ ತಾಗೂದ ಕಡಿಮಿ. ಅಲ್ಲೆ ಎರಡ ಬೆರಳ ಕೊಯ್ದ ಬಿಟ್ರ ಮುಗೀತು."

ಬಿಡಿಸಿದ ತುಂಡನ್ನು ಹಲಗೆಯ ಮೇಲಿಟ್ಟು ಎರಡು ಬೆರಳಗಲ ಕೊಯ್ದು ಕೊಟ್ಟ. ಪೆಟ್ಟಿಗೆ, ನವಣೆ, ಮೊರ. ನಾಲ್ಕು ಮುಚ್ಚಳ, ಮತ್ತೆ ಮೇಲೆ ಒಂದು ಚಿಟಿಕೆ. ಶಾಬುದ್ದೀನ ಆ ಚಿಟಿಕೆ ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದ. "ನಡೀತೈತಿ" ಎಂದ. "ಆದ್ರ ಎಂಬತ್ತ ಅಟ್ಟಿ ಕೊಯ್ಯಬೇಕು ಚಾಚಾ. ಟೆಂಪೋ ಎರಡಕ್ಕ ಬರತೈತಿ."

"ಮಾಧವ ಅವರ, ಟೆಂಪೋದವಗ ಒಂದ ಫೋನ್ ಹೊಡೀರಿ. ನಾಕಕ್ಕ ಬಾ ಅನ್ನರಿ" ಎಂದಳು ಕರುಣಾ. ಬಿಂದುಮಾಧವ ಸ್ಕೂಟರಿನ ಕೀಲಿ ಹಿಡಿದು ಎಸ್‌ಟಿಡಿ ಬೂತಿಗೆ ಓಡಿದ.

ಹುಲಗಪ್ಪ, ಹುಲಗೇಶ, ನೀಲಪ್ಪ ಮೂವರೂ ಮೂರು ಹಲಗೆ ಹಾಕಿಕೊಂಡು ಕುಳಿತರು. ಅವರು ಎರಡು ಬೆರಳಗಲದ ಪಟ್ಟಿಯನ್ನಷ್ಟೇ ಕೊಯ್ದು ಬಿಡಿಸುವುದು, ಎದ್ದ ತೊಗಲಿನ ಎಳೆಯನ್ನು ಶೇವಂತೆವ್ವ ಮೇಣ ತಿಕ್ಕಿ ಕೂರಿಸುವುದು, ಕರುಣಾ ಒರೆಸಿ ಜೋಡಿ ಕಟ್ಟುವುದು. ಇಪ್ಪತ್ತು ಜೋಡಿಯಾಗುವ ಹೊತ್ತಿಗೆ ಶಾಬುದ್ದೀನ ಸುಮ್ಮನೆ ನೋಡುತ್ತ ಕೂರಲಾರದೆ ಅಂಗಿಯ ತೋಳು ಮಡಚಿ, "ಒಂದ ರಂಪಿಗಿ ಕೊಡ್ರಿಲ್ಲೆ" ಎಂದು ಕೈ ಚಾಚಿದ.

"ಸಾಹೇಬ್ರ, ನೀವು ಚೆಕ್ಕರ" ಎಂದ ನೀಲಪ್ಪ.

"ಚೆಕ್ಕರ ಆಗೂದಕ್ಕಿಂತ ಮೊದಲು ನಮ್ಮಪ್ಪನ ಅಂಗಡ್ಯಾಗ ಹನ್ನೆರಡ ವರ್ಷ ಅಟ್ಟಿ ಕೊಯ್ದೇನಿ. ನಿನಗಿಂತ ಛಲೋ ಕೊಯ್ತೇನಿ, ಬೇಕಾದ್ರ ಪಂದ್ಯೆ ಕಟ್ಟು."

"ಕಟ್ಟಿದೆ. ಸೋತವರು ಮಿರ್ಚಿ ತರಬೇಕು."

ಸೋತವನು ನೀಲಪ್ಪ. ಮಿರ್ಚಿ ತಂದವನು ಬಿಂದುಮಾಧವ, ಬೂತಿನಿಂದ ಬರುವಾಗ. ಬಿಸಿ ಬಜ್ಜಿಯ ಪೊಟ್ಟಣ ಬಿಚ್ಚಿದಾಗ ಯಾರೂ ಎದ್ದು ಕೈ ತೊಳೆಯಲಿಲ್ಲ. ಶೇವಂತೆವ್ವ ಒಬ್ಬೊಬ್ಬರ ಬಾಯಿಗೆ ಒಂದೊಂದು ತುರುಕುತ್ತ ಹೋದಳು. ಈ ಮನೆಯಲ್ಲಿ ಎಂದೂ ನೀರನ್ನೂ ಮುಟ್ಟದ ಬಿಂದುಮಾಧವನ ಮುಂದೆ ಬಂದಾಗ ಒಂದು ಗಳಿಗೆ ಕೈ ತಡೆದಳು. ಅವನು ಬಿಚ್ಚಿ ಹಾಳಾದ ಜೋಡಿಗಳನ್ನು ಬಿಟ್ಟು ಉಳಿದವನ್ನು ಎಣಿಸುತ್ತಿದ್ದವನು, ಲೆಕ್ಕ ತಪ್ಪೀತೆಂದು ಕಾಗದದಿಂದ ಕಣ್ಣೆತ್ತದೆ ಬಾಯಿ ತೆರೆದ.

ಕೊನೆಗೆ, ಕೊಯ್ದವುಗಳಲ್ಲಿ ಒಂದನ್ನು ಶಾಬುದ್ದೀನ ತಾನೇ ಆರಿಸಿ, ಬಿಚ್ಚಿಸಿ, ಮತ್ತೊಮ್ಮೆ ಅಳೆಯಿಸಿದ. ರಬ್ಬರು ನಾಲ್ಕು ಮುಚ್ಚಳಕ್ಕೆ ಒಂದು ಕಾಳೂ ಹೆಚ್ಚಿರಲಿಲ್ಲ. ಪೆನ್ನು ತೆಗೆದು ಸಹಿ ಮಾಡಿದ. ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದ.

"ಏನಂತ ಬರದ್ರಿ?" ಎಂದು ಕೇಳಿದಳು ಕರುಣಾ.

"ಮುಂದಿನ ಮಾಲು ಈ ಮನ್ಯಾಗ ಅಳದ ಕಳಸ್ತಾರ, ನಾ ಬಂದು ನೋಡೂದು ಬೇಕಾಗಿಲ್ಲ ಅಂತ" ಎಂದ. ಆಮೇಲೆ ಶೇವಂತೆವ್ವನ ಕಡೆ ತಿರುಗಿ, "ಎರಡ ಸಾವಿರ ಜೋಡಿಗೆ ನವಣಿ ಸಾಕಾಗತೈತೇನ್ ಅಮ್ಮಾ?" ಎಂದ.

"ನವಣಿ ಅಷ್ಟ ಐತ್ರಿ. ಮುಚ್ಚಳ ಎಣಸಾಕ ನಮ್ಮ ಸೊಸಿ ಬೇಕು" ಎಂದಳು ಅವಳು.

ನಾಲ್ಕೂಕಾಲಿಗೆ ಟೆಂಪೋ ಬಂತು. ಪೆಟ್ಟಿಗೆಗಳು ಒಂದರ ಮೇಲೊಂದು ಏರಿದವು. ಓಣಿಯ ನಾಲ್ಕು ಮನೆಯವರೂ ಹೊರಗೆ ಬಂದು ನಿಂತರು. 'ಹಗ್ಗ ಬಿಗೀ ಕಟ್ಟು', 'ಆ ಮೂಲಿ ಜೋತು ಬಿದ್ದೈತಿ' ಎಂದು ಚಾಲಕನಿಗೆ ಎಲ್ಲರೂ ಹೇಳುವವರೇ. ಗಾಡಿ ತಿರುವು ದಾಟಿ ಮುಖ್ಯ ರಸ್ತೆಗೆ ಸೇರಿ ಲಾರಿಗಳ ನಡುವೆ ಮರೆಯಾಯಿತು. ಮಂದಿ ಮಾತಾಡುತ್ತ ಚದುರಿದರು.

ಕರುಣಾ ಹಿತ್ತಲಿಗೆ ಬಂದಾಗ ಹುಲಗಪ್ಪ ಅಲ್ಲಿ ಕಲ್ಲಿನ ಮೇಲೆ ಒಬ್ಬನೇ ಕುಳಿತಿದ್ದ. ಅವನ ಎರಡೂ ಕೈ ಮೊಣಕೈತನಕ ಟೈರಿನ ಕಪ್ಪಿನಿಂದ ಕರ್ರಗಾಗಿದ್ದವು. ಅವಳು ಹಂಡೆಯಿಂದ ಚರಿಗೆ ತುಂಬಿ ತಂದು ಎದುರಿಗೆ ಬಗ್ಗಿದಳು. ಮುದುಕ ಬೊಗಸೆ ಒಡ್ಡಿದ. ನೀರು ಕಪ್ಪಾಗಿ ಇಳಿದು ಕಲ್ಲಿನ ಬಿರುಕಿನಲ್ಲಿ ಹರಿಯಿತು. ಅವನು ಉಜ್ಜಿದಂತೆ ಬೂದಿಯ ಬಣ್ಣಕ್ಕೆ ತಿರುಗಿತು. ಚರಿಗೆ ಬರಿದಾದಾಗ ಅವನು ಎದ್ದೇಳಲಿಲ್ಲ, ಒಡ್ಡಿದ ಬೊಗಸೆಯನ್ನು ಹಾಗೆಯೇ ಹಿಡಿದುಕೊಂಡಿದ್ದ. ಅವಳು ಹೋಗಿ ಇನ್ನೊಂದು ಚರಿಗೆ ತುಂಬಿಕೊಂಡು ಬಂದಳು.